ಎರಡು ಲಕ್ಷ ಡಾಲರ್ ಸಂಬಳಕ್ಕೆ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಮನೆ ಸಿಗುತ್ತದಾ?

ಪ್ರಶ್ನೆ: ನಾವು ಮೈಸೂರಿನವರು. ನನ್ನ ಗಂಡನನ್ನು ಕಂಪನಿಯವರು ಎಲ್-1 ವೀಸಾ ಮೇಲೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಕಳಿಸುತ್ತಿದ್ದಾರೆ. ಸಂಬಳ ವರ್ಷಕ್ಕೆ ಎರಡು ಲಕ್ಷ ಡಾಲರ್. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಮೂರು. ಅತ್ತೆ-ಮಾವ ಆಗಾಗ ಬಂದು ಇರುತ್ತಾರೆ. ‘ಬಾಡಿಗೆ ಸುಮ್ನೆ ದಂಡ, ಬಂದ ವರ್ಷವೇ ಮನೆ ತಗೊಳ್ಳಿ’ ಅಂತಾರೆ ಅಲ್ಲಿರುವ ಸ್ನೇಹಿತರು. ‘ಜನ ಆ ಊರು ಬಿಟ್ಟು ಹೋಗ್ತಿದ್ದಾರೆ, ಬೆಲೆ ಬೀಳುತ್ತೆ, ಕಾಯಿರಿ’ ಅಂತಾರೆ ಇನ್ನೊಬ್ಬರು. ಆ ಕೌಂಟಿಯಲ್ಲಿ ಮಧ್ಯಮ ಆದಾಯ ಒಂದೂವರೆ ಲಕ್ಷ ಡಾಲರ್ ಎಂದು ಓದಿದೆ. ನಮ್ಮದು ಅದಕ್ಕಿಂತ ಜಾಸ್ತಿ. ಅಂದ ಮೇಲೆ ಆರಾಮಾಗಿ ಇರಬಹುದಲ್ವಾ?

ಉತ್ತರ: ಇರಬಹುದು. ಆದರೆ ಬಾಡಿಗೆ ಮನೆಯಲ್ಲಿ. ಮೊದಲ ಎರಡು ಮೂರು ವರ್ಷ ಮನೆ ಕೊಳ್ಳುವ ಯೋಚನೆಯನ್ನೇ ಮಾಡಬೇಡಿ. ಬೆಲೆ ಬೀಳುತ್ತದೆ ಎಂದು ಕಾಯುವುದೂ ಬೇಡ. ನಿಮಗೆ ಸಲಹೆ ಕೊಟ್ಟ ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಇಬ್ಬರ ಮಾತಿನಲ್ಲೂ ಅರ್ಧ ಲೆಕ್ಕ ಬಿಟ್ಟುಹೋಗಿದೆ. ನಾನು ಇಲ್ಲಿನ ವಸತಿ ಲೆಕ್ಕಗಳ ನಡುವೆಯೇ ಬಹಳ ವರ್ಷ ಕೆಲಸ ಮಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾದರೂ ಬಿಡಿಸಿ ಹೇಳುತ್ತೇನೆ.

ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಸಾಂಟಾ ಕ್ಲಾರಾ ಕೌಂಟಿಯಲ್ಲಿ 15 ನಗರಗಳಿವೆ. ಸ್ಯಾನ್ ಹೋಸೆ ಅತಿ ದೊಡ್ಡದು. 2020ರ ಜನಗಣತಿಯಲ್ಲಿ ಅದೊಂದರಲ್ಲೇ 10 ಲಕ್ಷಕ್ಕೂ ಜಾಸ್ತಿ ಜನರಿದ್ದರು. ಸನ್ನಿವೇಲ್, ಸಾಂಟಾ ಕ್ಲಾರಾ, ಕೂಪರ್ಟಿನೋ, ಮೌಂಟನ್ ವ್ಯೂ, ಪಾಲೋ ಆಲ್ಟೋ, ಮಿಲ್ಪಿಟಾಸ್ ಎಲ್ಲಾ ಒಂದಕ್ಕೊಂದು ಅಂಟಿಕೊಂಡಿವೆ. ರಸ್ತೆ ದಾಟಿದರೆ ಊರು ಬದಲಾಗಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ತೆಂಕಣಕ್ಕೆ ಹೋದರೆ ಮಾರ್ಗನ್ ಹಿಲ್, ಗಿಲ್ರಾಯ್. ಅಲ್ಲಿ ಇವತ್ತಿಗೂ ಹೊಲ-ಗದ್ದೆ ಇದೆ. ಆಸ್ತಿ ತೆರಿಗೆ, ಆಸ್ಪತ್ರೆ, ಜೈಲು, ಚುನಾವಣೆ ಕೌಂಟಿಯ ಕೆಲಸ. ಯಾವ ಜಾಗದಲ್ಲಿ ಎಷ್ಟು ಮನೆ ಕಟ್ಟಬಹುದು ಅನ್ನುವುದನ್ನು ಆಯಾ ನಗರವೇ ತೀರ್ಮಾನಿಸುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ವಿಸ್ತೀರ್ಣ ಸುಮಾರು 1,300 ಚದರ ಮೈಲಿ. ಬೆಂಗಳೂರು ನಗರ ಜಿಲ್ಲೆಯ ಒಂದೂವರೆ ಪಟ್ಟು. ಜನ ಮಾತ್ರ 2020ರಲ್ಲಿ 19,36,259. ಬೆಂಗಳೂರು ನಗರ ಜಿಲ್ಲೆಯಲ್ಲಿ 2011ರಲ್ಲೇ 96 ಲಕ್ಷ ಜನರಿದ್ದರು ಅಂದರೆ ಲೆಕ್ಕ ಹಾಕಿ. ‘ಇಷ್ಟು ಜಾಗ ಇದ್ದೂ ಮನೆ ಯಾಕೆ ತುಟ್ಟಿ?’ ಎಂದು ಹೊಸದಾಗಿ ಬಂದವರೆಲ್ಲ ಕೇಳುತ್ತಾರೆ. ಎರಡೂ ಕಡೆ ಬೆಟ್ಟ. ಜನ ಇರುವುದು ನಡುವಿನ ಬಯಲಲ್ಲಿ. ಅದು ಒಂದು ಕಾರಣ, ಆದರೆ ದೊಡ್ಡ ಕಾರಣ ಬೇರೆ.

ಮೊದಲು ಜನರ ವಿಷಯ ಮುಗಿಸುತ್ತೇನೆ. ಇಲ್ಲಿ ಯಾವ ಜನಾಂಗವೂ ಬಹುಸಂಖ್ಯಾತವಲ್ಲ. ಏಷ್ಯಾ ಮೂಲದವರು ಹತ್ತಿರ ಹತ್ತಿರ 40%, ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಜನ ಕಾಲು ಭಾಗ, ಉಳಿದವರಲ್ಲಿ ಹೆಚ್ಚಿನವರು ಬಿಳಿಯರು. ಸುಮಾರು ಐವರಲ್ಲಿ ಇಬ್ಬರು ಅಮೆರಿಕದ ಹೊರಗೆ ಹುಟ್ಟಿದವರು. ಭಾರತೀಯ ಮೂಲದವರೇ ಎರಡು ಲಕ್ಷ ದಾಟಿದ್ದಾರೆ. ಹಾಗಾಗಿ ‘ಹೊರಗಿನವರು’ ಅನ್ನುವ ಭಯ ನಿಮಗೆ ಬೇಡ. ಕನ್ನಡ ಕೂಟ ಇದೆ, ವಾರಾಂತ್ಯದ ಕನ್ನಡ ತರಗತಿಗಳಿವೆ. ಅಂಗಡಿಗೆ ಹೋದರೆ ಚಿರೋಟಿ ರವೆ, ಬ್ಯಾಡಗಿ ಮೆಣಸಿನಕಾಯಿ ಕಣ್ಣಿಗೆ ಬೀಳುತ್ತವೆ.

ಜನ ಬಿಟ್ಟು ಹೋಗುತ್ತಿದ್ದಾರೆ ಅನ್ನುವುದೂ ಸುಳ್ಳಲ್ಲ. ಅಮೆರಿಕದ ಜನಗಣತಿ ಇಲಾಖೆಯ ಅಂದಾಜಿನ ಪ್ರಕಾರ 2022ರ ಹೊತ್ತಿಗೆ ಜನಸಂಖ್ಯೆ 18.7 ಲಕ್ಷಕ್ಕೆ ಇಳಿದಿತ್ತು. ಎರಡೇ ವರ್ಷದಲ್ಲಿ ಸುಮಾರು 65,000 ಕಡಿಮೆ. ಆದರೆ ಹೋದವರು ಯಾರು ಅಂತ ನೋಡಬೇಕು. ಬಾಡಿಗೆ ಕಟ್ಟಲಾಗದವರು, ಸ್ವಂತ ಮನೆ ಬೇಕೆಂದ ಸಣ್ಣ ಮಕ್ಕಳ ತಂದೆ-ತಾಯಿ, ಮನೆಯಿಂದಲೇ ಕೆಲಸ ಸಿಕ್ಕಿದ್ದರಿಂದ ದೂರ ಹೋದವರು. ಸ್ವಂತ ಮನೆ ಇದ್ದವರಲ್ಲಿ ಹೆಚ್ಚಿನವರು ಅಲ್ಲಾಡಲಿಲ್ಲ. 2020-21ರಲ್ಲಿ 3% ಬಡ್ಡಿಗೆ ಸಾಲ ಸಿಕ್ಕವರು ಈಗ ಆ ಮನೆ ಮಾರಿ 6-7% ಬಡ್ಡಿಗೆ ಇನ್ನೊಂದು ಯಾಕೆ ಕೊಳ್ಳುತ್ತಾರೆ? ಮಾರಾಟಕ್ಕೆ ಬರುವ ಮನೆಗಳೇ ಕಮ್ಮಿಯಾದವು. ಜನ ಇಳಿದರೂ ಬೆಲೆ ಏರಿತು. 2024ರ ಎರಡನೇ ತ್ರೈಮಾಸಿಕದಲ್ಲಿ ಸ್ಯಾನ್ ಹೋಸೆ ಮಹಾನಗರ ಪ್ರದೇಶದಲ್ಲಿ ಬಿಡಿ ಮನೆಯ ಮಧ್ಯಮ ಬೆಲೆ (ಅರ್ಧ ಮನೆಗಳು ಅದಕ್ಕಿಂತ ತುಟ್ಟಿ, ಅರ್ಧ ಅಗ್ಗ) 20 ಲಕ್ಷ ಡಾಲರ್ ದಾಟಿತು. ಅಮೆರಿಕದ ಯಾವ ಮಹಾನಗರ ಪ್ರದೇಶವೂ ಅದಕ್ಕೆ ಮುಂಚೆ ಆ ಗಡಿ ಮುಟ್ಟಿರಲಿಲ್ಲ.

ಕೂಪರ್ಟಿನೋ ಶಾಲೆಗಳ ಹೆಸರು ನೀವು ಕೇಳಿರುತ್ತೀರಿ. ಅಲ್ಲಿನ ಪ್ರಾಥಮಿಕ ಶಾಲಾ ಮಂಡಳಿ 2022ರಲ್ಲಿ ಎರಡು ಶಾಲೆಗಳನ್ನು ಮುಚ್ಚಿತು. ಸಾಕಷ್ಟು ಮಕ್ಕಳಿಲ್ಲ ಅಂತ! ಶಾಲೆ ಚೆನ್ನಾಗಿದೆ ಎಂದು ಮನೆ ಬೆಲೆ ಏರಿತು. ಬೆಲೆ ಏರಿದ್ದಕ್ಕೆ ಸಣ್ಣ ಮಕ್ಕಳಿರುವವರು ಅಲ್ಲಿಗೆ ಬರಲಾಗಲಿಲ್ಲ. ನನಗೆ ಈ ಕೌಂಟಿಯ ವಿಷಯದಲ್ಲಿ ಅತಿ ಬೇಸರ ತರುವ ಸಂಗತಿ ಇದು.

ಈಗ ದೊಡ್ಡ ಕಾರಣಕ್ಕೆ ಬರೋಣ. ಎರಡನೇ ಮಹಾಯುದ್ಧದ ಕಾಲಕ್ಕೂ ಇದು ಹಣ್ಣಿನ ತೋಟಗಳ ಸೀಮೆ. ಪ್ಲಮ್, ಆಪ್ರಿಕಾಟ್, ಚೆರ್ರಿ. ಸನ್ನಿವೇಲ್‌ನ ಸಮುದಾಯ ಭವನದ ಪಕ್ಕದಲ್ಲಿ ಇವತ್ತಿಗೂ ಹತ್ತು ಎಕರೆ ಆಪ್ರಿಕಾಟ್ ತೋಟ ಉಳಿಸಿಕೊಂಡಿದ್ದಾರೆ, ಬಂದಾಗ ನೋಡಿ. 1950ರಲ್ಲಿ ಇಡೀ ಕೌಂಟಿಯ ಜನಸಂಖ್ಯೆ 2.9 ಲಕ್ಷ. 1970ಕ್ಕೆ 10.6 ಲಕ್ಷ! ರಕ್ಷಣಾ ಕಾರ್ಖಾನೆಗಳು, ಆಮೇಲೆ ಸಿಲಿಕಾನ್ ಚಿಪ್ ಕಂಪನಿಗಳು ಬಂದವು. ತೋಟ ಕಡಿದು ಸಾಲು ಸಾಲು ಒಂದಂತಸ್ತಿನ ಮನೆ ಕಟ್ಟಿದರು. ಮೂರು ಕೋಣೆ, ಮುಂದೆ ಗ್ಯಾರೇಜು, ಹಿಂದೆ ಹಿತ್ತಲು. 6,000 ಚದರಡಿ ಜಾಗದಲ್ಲಿ 1,200 ಚದರಡಿ ಮನೆ. ನಮ್ಮ ಲೆಕ್ಕದಲ್ಲಿ ಐದು 30-40 ಸೈಟು ಸೇರಿಸಿ ಅದರಲ್ಲಿ ಒಂದೇ ಮನೆ. ಆಗ ಅದು ಸರಿಯಾಗಿಯೇ ಇತ್ತು. ಕಾರ್ಖಾನೆಯ ನೌಕರನೂ ಕೊಳ್ಳಬಹುದಾದ ಮನೆಗಳು ಅವು.

ಅಲ್ಲಿಂದ ಮುಂದೆ ಕೆಲಸ ಬೆಳೆಯುತ್ತಲೇ ಹೋಯಿತು. ಇಂಟೆಲ್, ಆಪಲ್, ಸಿಸ್ಕೋ, ಗೂಗಲ್, ಎನ್ವಿಡಿಯಾ ಎಲ್ಲದರ ಮುಖ್ಯ ಕಚೇರಿ ಈ ಒಂದೇ ಕೌಂಟಿಯಲ್ಲಿದೆ. ಆದರೆ ಮನೆ ಕಟ್ಟುವ ನಿಯಮ 1960ರ ದಶಕದಲ್ಲೇ ನಿಂತುಬಿಟ್ಟಿತು. ಸ್ಯಾನ್ ಹೋಸೆಯಲ್ಲಿ ವಾಸಕ್ಕೆಂದು ಗುರುತಿಸಿದ ಜಾಗದಲ್ಲಿ 94% ಭಾಗದಲ್ಲಿ ಒಂದು ಸೈಟಿಗೆ ಒಂದೇ ಮನೆ ಎಂಬ ನಿಯಮವಿತ್ತು. ರಾಜ್ಯ ಸರ್ಕಾರ 2021ರಲ್ಲಿ ಕಾನೂನು ಮಾಡಿ ಅದನ್ನು ಸ್ವಲ್ಪ ಸಡಿಲಿಸಿದೆ, ಹಿತ್ತಲಲ್ಲಿ ಇನ್ನೊಂದು ಚಿಕ್ಕ ಮನೆ ಕಟ್ಟುವುದೂ ಈಗ ಸುಲಭವಾಗಿದೆ. 2023ರಿಂದ 2031ರೊಳಗೆ ಕೌಂಟಿಯಲ್ಲಿ 1,29,577 ಹೊಸ ಮನೆಗಳಿಗೆ ಜಾಗ ಮಾಡಿಕೊಡಬೇಕು ಎಂದು ನಗರಗಳಿಗೆ ಗುರಿಯನ್ನೂ ಹಂಚಿದ್ದಾರೆ. ಅಷ್ಟೂ ಮನೆ ಎದ್ದು ನಿಲ್ಲುತ್ತವೆ ಎಂದು ನಾನು ನಂಬುವುದಿಲ್ಲ. ಜಾಗ ಗುರುತಿಸುವುದು ಬೇರೆ, ಕಟ್ಟುವವರು ದುಡ್ಡು ಹಾಕುವುದು ಬೇರೆ.

ಇದರ ಜೊತೆಗೆ ಒಂದು ತೆರಿಗೆ ನಿಯಮ ಇದೆ. ‘ಪ್ರೊಪೊಸಿಶನ್ 13’ ಅಂತ ಕರೆಯುತ್ತಾರೆ. 1978ರಲ್ಲಿ ಜನ ಮತ ಹಾಕಿ ತಂದದ್ದು. ಮನೆ ಕೊಂಡ ಬೆಲೆಯ ಮೇಲೆ ಮೂಲ ತೆರಿಗೆ 1%. ಸ್ಥಳೀಯ ಸಂಸ್ಥೆಗಳು ಜನರಿಂದ ಎತ್ತಿದ ಸಾಲದ (ಬಾಂಡು) ಬಾಬ್ತು ಸೇರಿದರೆ ಸುಮಾರು 1.2% ಆಗುತ್ತದೆ. ಆ ಬೆಲೆಯನ್ನು ತೆರಿಗೆ ಲೆಕ್ಕಕ್ಕೆ ವರ್ಷಕ್ಕೆ 2%ಗಿಂತ ಜಾಸ್ತಿ ಏರಿಸುವ ಹಾಗಿಲ್ಲ. ಮಾರುಕಟ್ಟೆ ಬೆಲೆ ಎಷ್ಟೇ ಹಾರಲಿ. ಮನೆ ಕೈ ಬದಲಾದಾಗ ಮಾತ್ರ ಲೆಕ್ಕ ಹೊಸದಾಗಿ ಶುರು.

ಒಂದೇ ರಸ್ತೆ, ಅಕ್ಕಪಕ್ಕದ ಎರಡು ಮನೆ ಎಂದುಕೊಳ್ಳಿ. ಒಂದೇ ವರ್ಷ ಕಟ್ಟಿದ್ದು, ಒಂದೇ ನಕ್ಷೆ. ಎಡಗಡೆ ಮನೆಯ ಅಜ್ಜಿ 1980ರಲ್ಲಿ ಒಂದು ಲಕ್ಷ ಡಾಲರಿಗೆ ಕೊಂಡವರು. ವರ್ಷಕ್ಕೆ 2% ಏರಿದರೂ ಇವತ್ತು ತೆರಿಗೆ ಲೆಕ್ಕದ ಬೆಲೆ ಎರಡೂವರೆ ಲಕ್ಷದ ಒಳಗೇ. ವರ್ಷಕ್ಕೆ ಮೂರು ಸಾವಿರ ಡಾಲರ್ ಕಟ್ಟಿದರೆ ಮುಗಿಯಿತು. ಬಲಗಡೆ ಮನೆಯನ್ನು ಈಗ 20 ಲಕ್ಷಕ್ಕೆ ಕೊಂಡವರು ಕಟ್ಟುವುದು 24,000. ರಸ್ತೆ ಅದೇ, ಕಸದ ಗಾಡಿ ಅದೇ, ಶಾಲೆ ಅದೇ. ತೆರಿಗೆ ಎಂಟು ಪಟ್ಟು. ಮಕ್ಕಳು ಬೆಳೆದು ಹೋದ ಮೇಲೂ ಆ ಅಜ್ಜಿಗೆ ಮೂರು ಕೋಣೆ ಮನೆ ಮಾರಬೇಕೆಂದು ಅನಿಸುವುದಿಲ್ಲ. ಅವರದು ತಪ್ಪೂ ಅಲ್ಲ. ಪಿಂಚಣಿಯಲ್ಲಿ ಬದುಕುವ ಎಷ್ಟೋ ಜನ ಈ ನಿಯಮ ಇರುವುದಕ್ಕೇ ಅವರ ಮನೆಯಲ್ಲಿ ಉಳಿದಿದ್ದಾರೆ. ಆದರೆ ಅದರ ಭಾರ ಹೊಸದಾಗಿ ಬಂದವರ ಮೇಲೆ ಬೀಳುತ್ತದೆ.

ನೀವು ಓದಿದ ಮಧ್ಯಮ ಆದಾಯದ ಅಂಕಿ ಸರಿಯಾಗಿಯೇ ಇದೆ. ಕೌಂಟಿಯಲ್ಲಿ ಒಂದು ಕುಟುಂಬದ ಮಧ್ಯಮ ಆದಾಯ ಒಂದೂವರೆ ಲಕ್ಷ ಡಾಲರ್ ದಾಟಿದೆ. ಆದರೆ ಆ ಅಂಕಿಯೊಳಗೆ ಸಾಲ ತೀರಿಸಿ ಕೂತ ಅಜ್ಜಿಯೂ ಇದ್ದಾರೆ, ಇಬ್ಬರೂ ಎಂಜಿನಿಯರಾಗಿ ಐದು ಲಕ್ಷ ತರುವ ಜೋಡಿಯೂ ಇದೆ, ಎರಡು ಪಾಳಿ ದುಡಿಯುವ ಅಡುಗೆಯವರೂ ಇದ್ದಾರೆ. ಸ್ವಂತ ಮನೆಯಲ್ಲಿ ಇರುವ ಕುಟುಂಬಗಳು ಸುಮಾರು 55%. ಅವರಲ್ಲಿ ಬಹಳ ಜನ ಈಗಿನ ಬೆಲೆಗೆ ತಮ್ಮ ಮನೆಯನ್ನೇ ಮತ್ತೆ ಕೊಳ್ಳಲಾರರು. ಯಾವ ವರ್ಷ ಬಂದು ಮನೆ ಮಾಡಿಕೊಂಡಿರಿ ಅನ್ನುವುದು ಇಲ್ಲಿ ಸಂಬಳಕ್ಕಿಂತ ದೊಡ್ಡ ಲೆಕ್ಕ. ಸರ್ಕಾರದ ವಸತಿ ಯೋಜನೆಗಳಲ್ಲಿ 2024ರಲ್ಲಿ ಈ ಕೌಂಟಿಯ ನಾಲ್ವರ ಕುಟುಂಬಕ್ಕೆ ‘ಕಡಿಮೆ ಆದಾಯ’ದ ಮಿತಿ ಸುಮಾರು 1,46,000 ಡಾಲರ್ ಇತ್ತು. ಇದನ್ನು ಹೇಳಿದ್ದು ನಿಮ್ಮನ್ನು ಹೆದರಿಸಲು ಖಂಡಿತ ಅಲ್ಲ. ಎರಡು ಲಕ್ಷವನ್ನು ಮೈಸೂರಿನ ಕಣ್ಣಿಂದ ನೋಡಬೇಡಿ, ಅಷ್ಟೇ.

ನಿಮ್ಮದೇ ಲೆಕ್ಕ ಮಾಡೋಣ. ಎರಡು ಲಕ್ಷದಲ್ಲಿ ಕೇಂದ್ರ ತೆರಿಗೆ, ರಾಜ್ಯ ತೆರಿಗೆ, ಸೋಶಿಯಲ್ ಸೆಕ್ಯೂರಿಟಿ, ಆರೋಗ್ಯ ವಿಮೆಯ ಕಂತು ಎಲ್ಲಾ ಹೋಗಿ ತಿಂಗಳಿಗೆ 11,000 ಡಾಲರ್ ಆಸುಪಾಸು ಕೈಗೆ ಬರುತ್ತದೆ. 15 ಲಕ್ಷ ಡಾಲರಿನ ಟೌನ್‌ಹೌಸ್ (ಗೋಡೆಗೆ ಗೋಡೆ ಅಂಟಿದ ಸಾಲು ಮನೆ) ಕೊಳ್ಳುತ್ತೀರಿ ಅಂತಿಟ್ಟುಕೊಳ್ಳಿ. ಬಿಡಿ ಮನೆಯಂತೂ ಆ ಬೆಲೆಗೆ ಸನ್ನಿವೇಲ್‌ನಲ್ಲಿ ಸಿಗುವುದು ಕಷ್ಟ. ಮೂರು ಲಕ್ಷ ಕೈಯಿಂದ ಕಟ್ಟಿ 12 ಲಕ್ಷ ಸಾಲ ಮಾಡಿದರೆ, 6.5% ಬಡ್ಡಿಗೆ 30 ವರ್ಷದ ಕಂತು ತಿಂಗಳಿಗೆ ಸುಮಾರು 7,585. ಆಸ್ತಿ ತೆರಿಗೆ 1,500. ವಿಮೆ, ಸಂಘದ ನಿರ್ವಹಣಾ ಶುಲ್ಕ ಸೇರಿ ಇನ್ನೊಂದು 500-600. ಒಟ್ಟು 9,600 ಹತ್ತಿರ. ಉಳಿದ 1,400ರಲ್ಲಿ ಕಾರು, ಪೆಟ್ರೋಲು, ಊಟ, ಮಗನ ಪ್ರಿಸ್ಕೂಲು ಆಗುವುದಿಲ್ಲ. ಬ್ಯಾಂಕಿನವರೂ ಒಪ್ಪುವುದಿಲ್ಲ ಬಿಡಿ. ಎರಡು ಕೋಣೆಯ ಅಪಾರ್ಟ್‌ಮೆಂಟು 3,000ದಿಂದ 4,000ಕ್ಕೆ ಸಿಗುತ್ತದೆ. ‘ದಂಡ’ ಎಂದು ನಿಮ್ಮ ಸ್ನೇಹಿತರು ಹೇಳಿದ್ದು ಇದಕ್ಕೇ ಅಲ್ವಾ? ಅದೇ ಮನೆ ಸಾಲದಲ್ಲಿ ಮೊದಲ ತಿಂಗಳ ಕಂತಿನಲ್ಲಿ 6,500 ಬರೀ ಬಡ್ಡಿ. ಅದೂ ಹಿಂತಿರುಗಿ ಬರುವ ದುಡ್ಡಲ್ಲ.

ಎಲ್-1 ವೀಸಾದ ಮಾತು ಇನ್ನೂ ಮುಖ್ಯ. ಎಲ್-1 ಇದ್ದವರು ಆ ಕಂಪನಿಗೇ ಕಟ್ಟುಬಿದ್ದಿರುತ್ತಾರೆ. ಇನ್ನೊಂದು ಕಂಪನಿಗೆ ಹಾರಲು ಸಾಮಾನ್ಯವಾಗಿ ಎಚ್-1ಬಿ ಕೆಲಸದ ವೀಸಾದ ಲಾಟರಿ ಗೆಲ್ಲಬೇಕು. ಕೆಲಸ ಹೋದರೆ ಹೆಚ್ಚೆಂದರೆ 60 ದಿನ ಈ ದೇಶದಲ್ಲಿ ಇರಬಹುದು. ಈ ಕೌಂಟಿ ಒಂದೇ ಉದ್ಯಮದ ಮೇಲೆ ನಿಂತಿದೆ, ಆ ಉದ್ಯಮ ಆಗಾಗ ಕುಸಿಯುತ್ತದೆ. 2001ರ ಡಾಟ್‌ಕಾಮ್ ಕುಸಿತದ ನಂತರ ಇಲ್ಲಿ ಲಕ್ಷಕ್ಕೂ ಹೆಚ್ಚು ಕೆಲಸಗಳು ಹೋದವು. 2022-23ರಲ್ಲಿ ದೊಡ್ಡ ಕಂಪನಿಗಳು ಜನರನ್ನು ತೆಗೆದದ್ದು ನಿಮಗೂ ನೆನಪಿರುತ್ತದೆ. ಆಗ ನನಗೆ ಪರಿಚಯದ ಕನ್ನಡ ಕುಟುಂಬವೊಂದು ಮನೆ ಕೊಂಡು ಎಂಟು ತಿಂಗಳಿಗೆ ಮಾರಿ ಹೊರಟಿತು. ಮಾರಾಟದ ಖರ್ಚೇ 5-6%. ಹಜಾರದ ಗೋಡೆಗೆ ಮಗಳ ಎತ್ತರ ಗುರುತು ಹಾಕಿದ್ದರು, ಪೆನ್ಸಿಲ್ಲಿನ ಎರಡೇ ಗೆರೆ. ಬಣ್ಣದವನು ಬರುವ ಮುಂಚೆ ಆಕೆ ಅದರ ಫೋಟೋ ತೆಗೆದುಕೊಂಡರು. ಬಾಡಿಗೆ ಮನೆಯಾಗಿದ್ದರೆ ಕೀಲಿ ಕೊಟ್ಟು ಬರಬಹುದಿತ್ತು.

ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತಕ್ಕೆ ಬರಲಿ. ನಿಮಗೂ ಕೆಲಸ ಸಿಗಲಿ. ಆಮೇಲೆ ಮನೆ ಮಾತು. ಎಲ್-2 ವೀಸಾದಲ್ಲಿ ಬರುವ ಹೆಂಡತಿಗೆ ಇಲ್ಲಿ ದುಡಿಯಲು ಬೇರೆ ಪರವಾನಗಿ ಬೇಕಿಲ್ಲ. ವಿಮಾನ ಇಳಿದಾಗ ಐ-94 ದಾಖಲೆಯಲ್ಲಿ (ದೇಶದೊಳಗೆ ಬಂದದ್ದರ ದಾಖಲೆ) ‘ಎಲ್-2ಎಸ್’ ಎಂದು ನಮೂದಾಗಿದೆಯೇ ಅಂತ ನೋಡಿಕೊಳ್ಳಿ. ಎಚ್-1ಬಿಯವರ ಹೆಂಡತಿಗೆ ಇಷ್ಟು ಸುಲಭ ಇಲ್ಲ. ಈ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಮಗನಿಗೆ ನಾಲ್ಕು ತುಂಬಿದ ಮೇಲೆ ಸರ್ಕಾರಿ ಶಾಲೆಯಲ್ಲೇ ‘ಟಿ.ಕೆ.’ (ಟ್ರಾನ್ಸಿಶನಲ್ ಕಿಂಡರ್‌ಗಾರ್ಟನ್, ಶಿಶುವಿಹಾರದ ಹಾಗೆ) ತರಗತಿ ಉಚಿತ. ಸೆಪ್ಟೆಂಬರ್ 1ರೊಳಗೆ ನಾಲ್ಕು ತುಂಬಿರಬೇಕು. ಅಲ್ಲಿಯವರೆಗೆ ಪ್ರಿಸ್ಕೂಲಿನ ಖರ್ಚು ತಿಂಗಳಿಗೆ ಎರಡು ಸಾವಿರ ಡಾಲರ್ ದಾಟಬಹುದು, ತಯಾರಿರಿ.

‘ಟ್ರೇಸಿಯಲ್ಲಿ ಮನೆ ಸಸ್ತಾ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಈ ಕೌಂಟಿಯಲ್ಲಿಲ್ಲ, ಬೆಟ್ಟದಾಚೆಯ ಊರು. ಸನ್ನಿವೇಲ್‌ಗೆ ಸುಮಾರು 50 ಮೈಲಿ, ನಡುವೆ ಒಂದು ಘಾಟಿ. ಬೆಳಿಗ್ಗೆ ಐದಕ್ಕೇ ಹೊರಡುವವರು ಸಾವಿರಾರು ಜನ. ರೈಲೂ ಇದೆ, ಆದರೆ ದಿನಕ್ಕೆ ಕೆಲವೇ. ಅಪ್ಪ ಮಕ್ಕಳ ಮುಖ ನೋಡುವುದು ಶನಿವಾರ. ಇದು ಮಾತ್ರ ಬೇಡ ಎಂದು ಗಟ್ಟಿಯಾಗಿ ಹೇಳುತ್ತೇನೆ.

ಆ ರಸ್ತೆಯಲ್ಲಿ ಐದಕ್ಕೆ ಹೊರಡುವವರಲ್ಲಿ ಎಂಜಿನಿಯರುಗಳಿಗಿಂತ ಬೇರೆಯವರೇ ಜಾಸ್ತಿ ಕಾಣುತ್ತಾರೆ. ಪ್ಲಂಬರು, ಶಾಲೆಯ ಸಹಾಯಕಿ, ಆಸ್ಪತ್ರೆಯಲ್ಲಿ ಹಾಸಿಗೆ ಬದಲಿಸುವವರು. ಈ ಕೌಂಟಿ ನಡೆಯುವುದು ಅವರಿಂದ. ಅವರಿಗೆ ಇಲ್ಲಿ ಮನೆ ಇಲ್ಲ. ಪೂರ್ವ ಸ್ಯಾನ್ ಹೋಸೆಯಲ್ಲಿ ಒಂದು ಮನೆಯಲ್ಲಿ ಎರಡು ಮೂರು ಕುಟುಂಬ ಇರುವುದು ಸಾಮಾನ್ಯ, ಗ್ಯಾರೇಜಿನಲ್ಲೂ ಹಾಸಿಗೆ. 2023ರ ಜನವರಿಯ ಎಣಿಕೆಯಲ್ಲಿ ಕೌಂಟಿಯಲ್ಲಿ 9,903 ಜನ ಮನೆಯಿಲ್ಲದವರು. ನಾಲ್ವರಲ್ಲಿ ಮೂವರು ಮಲಗಿದ್ದು ಹೊರಗೆ, ಇಲ್ಲವೇ ಕಾರಿನಲ್ಲಿ. ಕೌಂಟಿಯ ಜನ 2016ರಲ್ಲಿ ಮತ ಹಾಕಿ 95 ಕೋಟಿ ಡಾಲರ್ ಬಾಂಡು ಎತ್ತಲು ಒಪ್ಪಿ, ಬಡವರ ಮನೆಗೆಂದೇ ಮೀಸಲಿಟ್ಟರು. ಆ ದುಡ್ಡಿನಲ್ಲಿ ಕಟ್ಟಡಗಳು ಎದ್ದಿವೆ, ಒಳ್ಳೆಯ ಕಟ್ಟಡಗಳು. ಸಾಲುತ್ತಿಲ್ಲ. ಸಾಲುಗಟ್ಟಿ ನಿಂತ ಹಳೆಯ ವ್ಯಾನುಗಳನ್ನು ನೋಡಿ ಮಗಳು ಏನೆಂದು ಕೇಳಿದರೆ, ನಿಜವನ್ನೇ ಹೇಳಿ.

ಕೊನೆಗೆ ಬಾಡಿಗೆ ಮನೆ ಹುಡುಕುವ ಬಗ್ಗೆ. ಮುಂಗಡ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಷ್ಟೇ. 2024ರ ಜುಲೈಯಿಂದ ಕಾನೂನೇ ಹಾಗಿದೆ, ಒಂದೆರಡು ಮನೆ ಮಾತ್ರ ಇರುವ ಸಣ್ಣ ಮಾಲೀಕರಿಗೆ ಸ್ವಲ್ಪ ವಿನಾಯಿತಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸು ಕಂಡವರಿಗೆ ಇದು ನೆಮ್ಮದಿ. ಕಟ್ಟಡ 15 ವರ್ಷಕ್ಕಿಂತ ಹಳೆಯದಾಗಿದ್ದರೆ ಬಾಡಿಗೆಯನ್ನು ವರ್ಷಕ್ಕೆ 5% ಮತ್ತು ಬೆಲೆಯೇರಿಕೆ ದರ ಸೇರಿಸಿದ್ದಕ್ಕಿಂತ ಜಾಸ್ತಿ ಏರಿಸುವಂತಿಲ್ಲ, ಒಟ್ಟು 10% ಮೀರುವಂತಿಲ್ಲ. ಹೊಸ ಹೊಳೆಯುವ ಕಟ್ಟಡಕ್ಕೆ ಈ ರಕ್ಷಣೆ ಇಲ್ಲ. ಖಾಸಗಿ ಮಾಲೀಕರ ಬಿಡಿ ಮನೆಗೂ ಸಾಮಾನ್ಯವಾಗಿ ಇಲ್ಲ. ಹಾಗಾಗಿ ನಾನು ಹಳೆಯ ಕಟ್ಟಡದ ಪರ. ಆದರೆ ಕೆಳಗೆ ಪೂರ್ತಿ ಕಾರು ನಿಲ್ಲಿಸುವ ಜಾಗ, ತೆಳ್ಳನೆಯ ಕಂಬಗಳ ಮೇಲೆ ಎರಡು ಅಂತಸ್ತು ಇದ್ದರೆ, ಕಟ್ಟಡವನ್ನು ಭೂಕಂಪಕ್ಕೆ ಗಟ್ಟಿ ಮಾಡಿಸಿದ್ದೀರಾ ಎಂದು ಕೇಳಿ. 1989ರ ಅಕ್ಟೋಬರಿನಲ್ಲಿ 6.9 ತೀವ್ರತೆಯ ಭೂಕಂಪ ಈ ಬೆಟ್ಟಗಳಿಂದಲೇ ಎದ್ದದ್ದು.

ಶಾಲೆಯ ಗಡಿಗೂ ನಗರದ ಗಡಿಗೂ ಸಂಬಂಧ ಇಲ್ಲ. ಸನ್ನಿವೇಲ್ ವಿಳಾಸವಿದ್ದೂ ಕೂಪರ್ಟಿನೋ ಶಾಲಾ ಮಂಡಳಿಗೆ ಸೇರಿದ ಬೀದಿಗಳಿವೆ. ಸ್ಯಾನ್ ಹೋಸೆಯ ಪಶ್ಚಿಮದಲ್ಲೂ ಇವೆ, ಅಲ್ಲಿ ಬಾಡಿಗೆ ಕೂಪರ್ಟಿನೋಗಿಂತ ಸ್ವಲ್ಪ ಇಳಿದಿರುತ್ತದೆ. ಏಜೆಂಟರ ಮಾತು ನಂಬಿ ಸಹಿ ಹಾಕಬೇಡಿ. ಮನೆ ನಂಬರಿನ ಸಮೇತ ಪೂರ್ತಿ ವಿಳಾಸವನ್ನು ಶಾಲಾ ಮಂಡಳಿಯ ಜಾಲತಾಣದಲ್ಲಿ ಹಾಕಿ ನೋಡಿ, ಆ ಶಾಲೆಯಲ್ಲಿ ಮಗಳ ತರಗತಿಗೆ ಜಾಗ ಇದೆಯಾ ಎಂದು ಫೋನ್ ಮಾಡಿ ಕೇಳಿ.

ಅತ್ತೆ-ಮಾವನವರಿಗಾಗಿ ನೆಲಮಹಡಿ ನೋಡಿ. ಹಳೆಯ ಕಟ್ಟಡಗಳಲ್ಲಿ ಹೆಚ್ಚಾಗಿ ಲಿಫ್ಟ್ ಇರುವುದಿಲ್ಲ. ಕಾರು ಓಡಿಸದ ಹಿರಿಯರು ಇಲ್ಲಿ ಮನೆಯೊಳಗೇ ಕಟ್ಟಿಹಾಕಿದ ಹಾಗೆ ಆಗಿಬಿಡುತ್ತಾರೆ. ಪಾರ್ಕು, ಗ್ರಂಥಾಲಯ, ಒಂದು ತರಕಾರಿ ಅಂಗಡಿ ಹತ್ತು ನಿಮಿಷದ ನಡಿಗೆಯಲ್ಲಿ ಇರಲಿ. ಅದಕ್ಕೆ ತಿಂಗಳಿಗೆ ಇನ್ನೂರು ಡಾಲರ್ ಜಾಸ್ತಿ ಕೊಡಬೇಕಾದರೂ ಕೊಡಿ.